ಹೆಬ್ಬೆರಳ ಗುರುತು ತೋರಿಸಿಕೊಟ್ಟವರಿಗೆ

ಮಲಾವಿಯಿಂದ ವಾಪಸ್ ಬಂದು ಹದಿನೆಂಟು ದಿನ ಆಯ್ತು. ಬಂದ ದಿನವೇ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ಮೊದಲು ಒಗೆಯುವ ಬಟ್ಟೆಯ ರಾಶಿ, ಆಮೇಲೆ ಡ್ಯೂಟಿ, ಆಮೇಲೆ ಸುಮ್ನೆ ಸೋಮಾರಿತನ. "ಹೆಂಗಿತ್ತು?" ಅಂತ ಕೇಳಿದವರಿಗೆಲ್ಲ "ಚೆನ್ನಾಗಿತ್ತು" ಅಂದು ತಪ್ಪಿಸಿಕೊಂಡೆ. ನನ್ನ ಟಿಕೆಟ್ಟಿಗೆ ದುಡ್ಡು ಹಾಕಿದವರಿಗೆ ಅಷ್ಟು ಹೇಳಿದರೆ ಸಾಲದು, ಅಲ್ವಾ?

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ತುಮಕೂರು ಕಡೆಯವಳು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್. ಶುಗರ್, ಬಿಪಿ, ಕಿಡ್ನಿ ಪೇಷೆಂಟುಗಳಿಗೆ ಏನು ತಿನ್ನಬಾರದು ಅಂತ ಹೇಳುತ್ತಲೇ ಹನ್ನೊಂದು ವರ್ಷ ಕಳೆದಿದ್ದೇನೆ. ಜನವರಿ ಕೊನೆಗೆ ಡಾಕ್ಟರು, ನರ್ಸುಗಳ ತಂಡವೊಂದರ ಜೊತೆ ಮೂರು ವಾರ ಮಲಾವಿಯ ಸಲೀಮಾ ಜಿಲ್ಲೆಗೆ ಹೋಗಿದ್ದೆ. ಬೆಂಗಳೂರಿಂದ ಅಡಿಸ್ ಅಬಾಬಾ, ಅಲ್ಲಿಂದ ರಾಜಧಾನಿ ಲಿಲಾಂಗ್ವೆ, ಆಮೇಲೆ ಸುಮಾರು ನೂರು ಕಿಲೋಮೀಟರ್ ರಸ್ತೆ. ಮಲಾವಿ ಸರೋವರದ ಸೀಮೆ. ಸುತ್ತ ಎಲ್ಲಿ ನೋಡಿದರೂ ಹಸಿರು. ಆ ಹಸಿರು ನೋಡಿ ಮೋಸಹೋಗಬಾರದು. ಮೆಕ್ಕೆಜೋಳ ಎದೆಯೆತ್ತರ ನಿಂತಿರುತ್ತದೆ, ಕೊಯ್ಲಿಗೆ ಇನ್ನೂ ತಿಂಗಳುಗಟ್ಟಲೆ ಇರುತ್ತದೆ. ಹೋದ ವರ್ಷದ ಕಾಳು ಮನೆಯಲ್ಲಿ ತಳ ಕಂಡಿರುತ್ತದೆ. ಡಿಸೆಂಬರಿಂದ ಮಾರ್ಚ್‌ವರೆಗೆ ಅಲ್ಲಿ ಹಸಿವಿನ ಕಾಲ.

ಮೊದಲ ನಮಸ್ಕಾರ ಅಲ್ಲಿನ ಆರೋಗ್ಯ ಕಾರ್ಯಕರ್ತೆಗೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಊರೂರು ತಿರುಗುವವರು. ಎರಡನೇ ದಿನ ಮಾವಿನ ಮರದ ಕೆಳಗೆ ಕ್ಯಾಂಪು. ನಾನು ಮ್ಯೂಯಾಕ್ ಟೇಪ್ (ತೋಳಿನ ಸುತ್ತಳತೆಯಿಂದ ಅಪೌಷ್ಟಿಕತೆ ಗುರುತಿಸುವ ಬಣ್ಣದ ಪಟ್ಟಿ) ಹಿಡಿದು ಮಕ್ಕಳ ತೋಳು ಅಳೆಯುತ್ತಿದ್ದೆ. 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು, 12.5ರವರೆಗೆ ಹಳದಿ, ಅದರ ಮೇಲೆ ಹಸಿರು. ಸಾಲು ಉದ್ದ ಇತ್ತು, ಬಿಸಿಲು ಏರುತ್ತಿತ್ತು. ಎರಡು ವರ್ಷದ ಒಂದು ಹುಡುಗಿ ಬಂತು. ಕೆನ್ನೆ ದುಂಡಗೆ, ತೋಳು 12.8. ಹಸಿರು. "ಚೆನ್ನಾಗಿದ್ದಾಳೆ" ಅಂದು ಮುಂದಿನವರನ್ನು ಕರೆದೆ.

ಆ ಕಾರ್ಯಕರ್ತೆ ಏನೂ ಮಾತಾಡಲಿಲ್ಲ. ಮಗುವಿನ ಕಾಲಿಗೆ ಸುತ್ತಿದ್ದ ಬಟ್ಟೆ ಸರಿಸಿದರು. ಎರಡೂ ಪಾದದ ಮೇಲೆ ಹೆಬ್ಬೆರಳು ಒತ್ತಿ ಮೂರು ಎಣಿಸಿ ತೆಗೆದರು. ಎರಡೂ ಕಡೆ ಗುಳಿ ಹಾಗೇ ಉಳಿಯಿತು, ನಾದಿದ ಹಿಟ್ಟಿನ ಮೇಲೆ ಬೆರಳಿಟ್ಟ ಹಾಗೆ.

ಕ್ವಾಷಿಯೋರ್ಕರ್. ಮೈ ಊದಿಕೊಳ್ಳುವ ಥರದ ತೀವ್ರ ಅಪೌಷ್ಟಿಕತೆ. ಕಾಲೇಜಲ್ಲಿ ಅದರ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೆದವಳು ನಾನು. ಊತ ಇದ್ದರೆ ತೋಳಿನ ಅಳತೆ ನಂಬಬೇಡ ಅಂತ ಬೇರೆಯವರಿಗೆ ಪಾಠವನ್ನೂ ಮಾಡಿದ್ದೇನೆ. ಎದುರಿಗೆ ಬಂದಾಗ ಕೆನ್ನೆ ನೋಡಿ ಬಿಟ್ಟುಬಿಟ್ಟೆ. ಆಕೆ ನನ್ನನ್ನು ಬೈಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಅವತ್ತಿಂದ ನನ್ನ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತರು. ನಾನು ತೋಳು, ಅವರು ಪಾದ.

ಹುಡುಗಿಗೆ ಚಿಪೊಂಡೆ ಕೊಟ್ಟು ನೋಡಿದೆವು. ಕಡ್ಲೇಕಾಯಿ ಬೆಣ್ಣೆಗೆ ಅಲ್ಲಿ ಹಾಗಂತಾರೆ. ಕಡ್ಲೇಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಸೇರಿಸಿ ಮಾಡಿದ ಔಷಧದಂಥ ಆ ಪೇಸ್ಟಿಗೂ ಅದೇ ಹೆಸರು. 92 ಗ್ರಾಮಿನ ಒಂದು ಪ್ಯಾಕೆಟ್ಟಲ್ಲಿ 500 ಕ್ಯಾಲರಿ. ತಿಂದರೆ ಮನೆಗೇ ಕೊಟ್ಟು ಕಳಿಸಬಹುದು. ಹುಡುಗಿ ಬಾಯಿ ತೆರೆಯಲಿಲ್ಲ. ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಎಫ್-75 ಅನ್ನುವ ತೆಳು ಹಾಲನ್ನು ಎರಡು ಮೂರು ಗಂಟೆಗೊಮ್ಮೆ ಅಳೆದು ಕುಡಿಸುತ್ತಾರೆ. ಸೊರಗಿದ ದೇಹಕ್ಕೆ ಒಮ್ಮೆಲೇ ಜಾಸ್ತಿ ಕೊಟ್ಟರೆ ಹೃದಯವೇ ಕೈಕೊಡಬಹುದು. ವಾರದಲ್ಲಿ ಮಗುವಿನ ತೂಕ 8.4 ಕಿಲೋದಿಂದ 7.6ಕ್ಕೆ ಇಳಿಯಿತು. ಇಳಿದಿದ್ದು ಊತದ ನೀರು, ಅಂದರೆ ಒಳ್ಳೆಯ ಸುದ್ದಿ. ಅದನ್ನು ತಾಯಿಗೆ ಹೇಗೆ ಹೇಳುವುದು? ರಾತ್ರಿಪಾಳಿಯ ನರ್ಸಮ್ಮ ಪಕ್ಕ ಕೂತು, ಒದ್ದೆ ಬಟ್ಟೆಯನ್ನು ಹಿಂಡಿ ತೋರಿಸಿದರು. ತಾಯಿಗೆ ತಕ್ಷಣ ಅರ್ಥವಾಯಿತು. ಆ ನರ್ಸಮ್ಮನಿಗೂ ನಮಸ್ಕಾರ. ಆ ಹೋಲಿಕೆಯನ್ನು ನಾನು ಕದ್ದುಕೊಂಡು ಬಂದಿದ್ದೇನೆ.

ಇನ್ನು ಅಡುಗೆಯವರು. ಅಲ್ಲಿ ಹೆಂಗಸರನ್ನು ಗೌರವದಿಂದ "ಅಮಾಯಿ" ಅಂತಾರೆ. ಕೇಳಿದಾಗೆಲ್ಲ ನಮ್ಮ ಕಡೆಯವರೇ ಯಾರನ್ನೋ ಕರೆದ ಹಾಗೆ ಅನ್ನಿಸುತ್ತಿತ್ತು. ಅವರ ಮುಖ್ಯ ಊಟ ನ್ಸಿಮಾ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಮುರಿದು, ಉಂಡೆ ಮಾಡಿ, ಪಲ್ಯ ಹಚ್ಚಿಕೊಂಡು ಅಗಿದು ತಿನ್ನುತ್ತಾರೆ. ನಾನು ಅಭ್ಯಾಸಬಲದಿಂದ ಹಾಗೇ ನುಂಗಿದೆ. ಗಂಟಲಿಗೆ ಸಿಕ್ಕಿತೇನೋ ಅಂತ ಗಾಬರಿಯಾಗಿ ಒಬ್ಬರು ನನ್ನ ಬೆನ್ನು ಗುದ್ದಿದರು.

ಮಕ್ಕಳ ಗಂಜಿ ಅವರಲ್ಲಿ ಫಲಾ. ತೆಳ್ಳಗೆ ಮಾಡಿದರೆ ಬರೀ ನೀರು, ಗಟ್ಟಿ ಮಾಡಿದರೆ ಸಣ್ಣ ಮಗು ನುಂಗುವುದಿಲ್ಲ. ನನಗೆ ಅಮ್ಮನ ರಾಗಿ ಸರಿ ನೆನಪಾಯಿತು. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟು. "ರಾಗಿ ಇದೆಯಾ?" ಅಂತ ಫೋನಲ್ಲಿ ಫೋಟೋ ತೋರಿಸಿದೆ. ಅವರು ನಕ್ಕರು. "ಮವೆರೆ!" ಥೊಬ್ವಾ ಅನ್ನುವ ಹುಳಿಗಂಜಿಗೆ ಹಾಕಲು ಮೊಳಕೆ ಕಟ್ಟಿ ಒಣಗಿಸಿ, ಕುಟ್ಟಿದ ಹಿಟ್ಟೇ ಒಂದು ಡಬ್ಬಿಯಲ್ಲಿತ್ತು. ನಮ್ಮ ರಾಗಿಯ ತವರೇ ಆಫ್ರಿಕಾ, ನಾನು ಹೋಗಿ ಅವರಿಗೆ ರಾಗಿ ಪರಿಚಯ ಮಾಡಿಸುತ್ತಿದ್ದೆ!

ಚಮಚ ನಿಲ್ಲುವಷ್ಟು ಗಟ್ಟಿ ಫಲಾ ಮಾಡಿದೆವು. ಬೆಚ್ಚಗಾಗುವವರೆಗೆ ಆರಿಸಿ, ಒಂದು ಚಮಚ ಮೊಳಕೆ ಹಿಟ್ಟು ಹಾಕಿ ತಿರುವಿದೆವು. ಎಣಿಸಿ ಹತ್ತು ನಿಮಿಷದಲ್ಲಿ ಗಂಜಿ ಮಜ್ಜಿಗೆಯಂತೆ ಸುರಿಯತೊಡಗಿತು. ಒಂದು ಹನಿ ನೀರು ಹಾಕಿರಲಿಲ್ಲ. ಮೊಳಕೆಯೊಳಗಿನ ಕಿಣ್ವ ಪಿಷ್ಟವನ್ನು ಮುರಿಯುವುದರಿಂದ ಹೀಗಾಗುತ್ತದೆ. ಮತ್ತೆ ಒಂದು ಕುದಿ ಬರಿಸಿ ಇಳಿಸಿದೆವು. ಮೇಲೆ ಏನು ಹಾಕಬೇಕು ಅಂತ ಅಮಾಯಿಯರೇ ತೀರ್ಮಾನಿಸಿದರು. ಕುಟ್ಟಿದ ಕಡ್ಲೇಕಾಯಿ, ನುಗ್ಗೆಸೊಪ್ಪು, ಸರೋವರದ ಸಣ್ಣ ಒಣಮೀನಿನ ಪುಡಿ. ಮೊಟ್ಟೆಯನ್ನೂ ಒಳಗೆ ತರದ ಮನೆಯ ಮಗಳು ನಾನು, ಮೀನು ಕುಟ್ಟುವಾಗ ಒನಕೆ ಹಿಡಿದು ಕೈ ಜೋಡಿಸಿದೆ. ಅಮ್ಮ, ಈ ಸಾಲು ಓದಿಲ್ಲ ಅಂದುಕೋ.

ಇಲ್ಲಿನವರಿಗೂ ಋಣ ಇದೆ. ಮೂರು ವಾರ ನನ್ನ ವಾರ್ಡುಗಳನ್ನೂ ನೋಡಿಕೊಂಡ ಇಬ್ಬರು ಸಹೋದ್ಯೋಗಿಗಳಿಗೆ, ಮಗನಿಗೆ ಜ್ವರ ಬಂದಿದ್ದನ್ನು ನಾನು ವಾಪಸ್ ಬರುವವರೆಗೆ ಮುಚ್ಚಿಟ್ಟ ಅತ್ತೆಗೆ (ಇದಕ್ಕೆ ಥ್ಯಾಂಕ್ಸ್ ಹೇಳಬೇಕೋ, ಜಗಳ ಆಡಬೇಕೋ ಇನ್ನೂ ಗೊತ್ತಾಗಿಲ್ಲ), ಚಾರ್ಟು, ಅಳತೆ ಪಟ್ಟಿ ತುಂಬಿದ್ದ ನನ್ನ ಬ್ಯಾಗು ದಾರಿಯಲ್ಲಿ ಕಳೆದುಹೋದಾಗ ರಾತ್ರಿ ಕೂತು ಹೊಸ ಚಾರ್ಟು ಬರೆದುಕೊಟ್ಟ ತಂಡದ ಹುಡುಗರಿಗೆ. ದುಡ್ಡು ಹಾಕಿದವರೆಲ್ಲರಿಗೂ ಲೆಕ್ಕವನ್ನು ವಾಟ್ಸಾಪಿನಲ್ಲಿ ಕಳಿಸಿದ್ದೇನೆ.

ನಿನ್ನೆ ಆ ಆರೋಗ್ಯ ಕಾರ್ಯಕರ್ತೆಯ ಮೆಸೇಜು ಬಂತು. ಒಂದು ಫೋಟೋ, ಮಣ್ಣು ಮೆತ್ತಿದ ಎರಡು ಪುಟ್ಟ ಪಾದ. ಊತ ಇಲ್ಲ. ಕೆಳಗೆ ಬರೆದಿದ್ದರು, "ಒತ್ತಿ ನೋಡಿದ್ದೇನೆ." ನಾನು "ಜಿಕೊಮೊ ಕ್ವಂಬಿರಿ" ಅಂತ ಉತ್ತರಿಸಿದೆ. ತುಂಬಾ ಥ್ಯಾಂಕ್ಸ್ ಅಂತ ಅರ್ಥ.