ಮಹಾಚಾಯ್‌ನ ಆ ಹಿರಿಯರಿಗೆ ವಂದನೆ

ಬ್ಯಾಂಕಾಕಿನ ವೊಂಗ್‌ವಿಯನ್ ಯಾಯ್ ನಿಲ್ದಾಣದಿಂದ ಹೊರಟ ನಿಧಾನಗತಿಯ ರೈಲು ಮಹಾಚಾಯ್‌ನ ಮಾರುಕಟ್ಟೆಯ ಬಳಿ ನಿಂತಾಗ, ಮೇಕ್ಲಾಂಗ್ ಪಟ್ಟಣಕ್ಕೆ ಹೋಗುವ ಮುಂದಿನ ಹಳಿ ಥಾ ಚಿನ್ ನದಿಯ ಆಚೆ ದಡದ ಬಾನ್ ಲೇಮ್‌ನಿಂದ ಆರಂಭವಾಗುತ್ತದೆ ಎಂಬುದನ್ನರಿಯದೆ ಕಂಗಾಲಾಗಿದ್ದ ನನ್ನನ್ನು, ಒಣಮೀನಿನ ಬುಟ್ಟಿ ಹಿಡಿದಿದ್ದ ತಾವು ಕೈಸನ್ನೆಯಿಂದಲೇ ಕರೆದು ದೋಣಿಕಟ್ಟೆಗೆ ಮುಟ್ಟಿಸಿದಿರಿ. ನನಗೆ ಥಾಯ್ ಬಾರದು, ತಮಗೆ ಇಂಗ್ಲಿಷ್ ಬಾರದು. ಕನ್ನಡದ ಮಾತಂತೂ ದೂರವೇ ಉಳಿಯಿತು. ದಿನಕ್ಕೆ ಕೆಲವೇ ರೈಲುಗಳಿರುವ ಆ ಮಾರ್ಗದಲ್ಲಿ ಒಂದು ತಪ್ಪಿದ್ದರೆ ಗಂಟೆಗಟ್ಟಲೆ ಕಾಯಬೇಕಿತ್ತು. ತಮ್ಮಿಂದಾಗಿ ಉಪ್ಪಿನ ಗದ್ದೆಗಳನ್ನು ನೋಡುತ್ತ ಮೇಕ್ಲಾಂಗ್ ತಲುಪಿದೆ. ಅಲ್ಲಿ ಹಳಿಯ ಮೇಲೇ ಹರಡಿಕೊಂಡ ಮಾರುಕಟ್ಟೆಯ ವ್ಯಾಪಾರಿಗಳು ಬಟ್ಟೆಯ ಚಪ್ಪರಗಳನ್ನು ಮಡಚಿ ಹಳಿ ಬಿಟ್ಟುಕೊಡುವುದನ್ನೂ, ತರಕಾರಿ ಬುಟ್ಟಿಗಳ ಅಂಚಿಗೇ ರೈಲು ತೆವಳುವುದನ್ನೂ ಕಿಟಕಿಯಿಂದಲೇ ಕಂಡೆ. ದೋಣಿಯ ಚಿಲ್ಲರೆಯನ್ನೂ ತಾವೇ ಕೊಟ್ಟಿರಿ, ಹಿಂದಿರುಗಿಸಲು ಬಿಡಲಿಲ್ಲ. ಹೆಸರನ್ನೂ ಕೇಳದೆ ಹೋದ ನನ್ನ ತಪ್ಪನ್ನು ಮನ್ನಿಸಿ, ಈ ಕೃತಜ್ಞತೆಯನ್ನು ಸ್ವೀಕರಿಸಬೇಕೆಂದು ಕೋರುತ್ತೇನೆ.