ಶನಿವಾರ ಪ್ಯಾಕ್‌ಮ್ಯಾನ್ ಕೆಲಸಕ್ಕೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. 1980ರ ಪ್ಯಾಕ್‌ಮ್ಯಾನ್ ವಿಡಿಯೋ ಗೇಮ್ ಪೆಟ್ಟಿಗೆ (ನಾಣ್ಯ ಹಾಕಿ ಆಡುವಂಥದ್ದು) ನಮ್ಮನೆ ಬೇಸ್‌ಮೆಂಟ್ ಮೆಟ್ಟಿಲ ತಿರುವಿನಲ್ಲೇ ಸಿಕ್ಕಿಕೊಂಡಿತು, ಗೋಡೆಯ ಬಣ್ಣವೂ ಹೋಯಿತು. ಶನಿವಾರ 10ಕ್ಕೆ ಗ್ಯಾರೇಜಿನಲ್ಲಿ ಮಾನಿಟರ್, ಕಾಯಿನ್ ಬಾಗಿಲು ಬಿಚ್ಚಿ, ಬರೀ ಗೂಡನ್ನು ಇಳಿಸೋಣ. ಅಡಿ ಹಲಗೆ ನೀರು ಕುಡಿದು ಊದಿಕೊಂಡಿದೆ. ಅದಕ್ಕೆ ಮಾತ್ರ ಹೊಸ ಪ್ಲೈವುಡ್. ಹಳದಿ ಪಕ್ಕಗಳಿಗೆ ಗರಗಸ ತಾಗಿಸಿದರೆ ಜಗಳವೇ!

ಪ್ಲಗ್ ತೆಗೆದಿದ್ದರೂ ಮಾನಿಟರ್‌ನ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಚಾರ್ಜ್ ಇಳಿಸೋವರೆಗೂ ಟ್ಯೂಬಿನ ಮೇಲಿರುವ ರಬ್ಬರ್ ಟೊಪ್ಪಿಯ ಹತ್ತಿರ ಯಾರೂ ಕೈ ಹಾಕಬೇಡಿ. ಮಕ್ಕಳು ಒಳಗೇ ಇರಲಿ. ವೈರ್ ಕೀಳುವ ಮೊದಲು ಫೋಟೋ ತೆಗೀರಿ.

ಜಾಯ್‌ಸ್ಟಿಕ್ ತರುವವರೇ, ನಾಲ್ಕು ದಿಕ್ಕಿನದೇ ತನ್ನಿ. ಎಂಟು ದಿಕ್ಕಿನದಾದರೆ ಆಟದ ತಿರುವಿನಲ್ಲಿ ತಡವರಿಸಿ ಭೂತದ ಬಾಯಿಗೆ ಬೀಳ್ತೀವಿ.

ಉಪ್ಪಿಟ್ಟು, ಕಾಫಿ ನಮ್ಮಲ್ಲೇ. ಡ್ರಿಲ್ ಯಾರ ಹತ್ರ ಇದೆ?