ಗೆಳೆಯನಿಗೊಂದು ಪತ್ರ: ರಜೆಯ ದಿನ, ರಟ್ಟು ಮತ್ತು ಗೋಲಿ

ಪ್ರೀತಿಯ ಗೆಳೆಯಾ,

ನಾಲ್ಕು ದಿನ ಶಾಲೆ ಇಲ್ಲ, ಎರಡನೇ ದಿನಕ್ಕೇ ಮನೆ ಸಂತೆಯಾಗಿದೆ ಅಂತ ಬರೆದಿದ್ದೀಯ. ಮಗಳಿಗೆ 8, ಮಗನಿಗೆ 4. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಆಗಲ್ಲ. ಗಂಟೆಗೊಂದು ಆಟದಂತೆ ಪಟ್ಟಿ ಮಾಡಿಕೊಡು ಅಂದಿದ್ದೀಯಲ್ಲ, ಅದನ್ನು ಮಾತ್ರ ಕೇಳಬೇಡ. ಗಂಟೆಗೊಂದು ಆಟ ಹೂಡಿದರೆ ಗಂಟೆಗೊಮ್ಮೆ ‘ಈಗೇನು ಮಾಡೋದು?’ ಅಂತ ಬಂದು ನಿಲ್ಲುತ್ತಾರೆ, ಅಷ್ಟೇ. ಬೆಳಿಗ್ಗೆ ಒಂದೇ ಒಂದು ಕೆಲಸ ಹಚ್ಚು. ಅದು ಮೊದಲ ಸಲಕ್ಕೇ ಸರಿಬರುವಂಥದ್ದು ಆಗಿರಬಾರದು. ಎಲ್ಲಿ ಕೆಡುತ್ತಿದೆ ಅನ್ನೋದು ಮಕ್ಕಳ ಕಣ್ಣಿಗೇ ಕಾಣಬೇಕು, ಅವರ ಕೈಯಲ್ಲೇ ಸರಿಹೋಗಬೇಕು. ಅಂಥ ಕೆಲಸ ಮಧ್ಯಾಹ್ನದವರೆಗೆ ಎಳೆಯುತ್ತದೆ. ಮೊದಲ 15 ನಿಮಿಷ ನೀನೂ ನೆಲದ ಮೇಲೆ ಕೂರಬೇಕು, ಫೋನು ಇನ್ನೊಂದು ಕೋಣೆಯಲ್ಲಿರಲಿ. ಆಮೇಲೆ ಮೆಲ್ಲಗೆ ಜಾರಿಕೋ.

ನಾನು ಮೊದಲು ಹೇಳುವುದು ಗೋಲಿದಾರಿ: ಗೋಡೆಗೆ ಒಂದರ ಕೆಳಗೊಂದು ಓರೆಯಾಗಿ ಅಂಟಿಸಿದ ರಟ್ಟಿನ ಪಟ್ಟಿಗಳ ಮೇಲೆ ಗೋಲಿ ಉರುಳುತ್ತಾ ಕೆಳಗಿಳಿಯುವ ಆಟ. ಹಳೇ ರಟ್ಟಿನ ಪೆಟ್ಟಿಗೆ, ಕತ್ತರಿ, ಮಾಸ್ಕಿಂಗ್ ಟೇಪ್, ಎರಡು ಗೋಲಿ, ಇಷ್ಟೇ ಸಾಮಾನು. ರಟ್ಟನ್ನು 30 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಎಂಟು ಪಟ್ಟಿ ಮಾಡು. ರಟ್ಟಿನ ಅಂಚನ್ನು ನೋಡಿದರೆ ಒಳಗೆ ಅಲೆಅಲೆಯಾದ ಪದರ ಕಾಣುತ್ತದೆ. ಆ ಅಲೆಯ ಸಾಲುಗಳು ಪಟ್ಟಿಯ ಉದ್ದಕ್ಕೇ ಬರುವಂತೆ ಕತ್ತರಿಸು. ಅಡ್ಡಕ್ಕೆ ಬಂದರೆ ಪಟ್ಟಿ ನಡುವೆ ಸೊಂಟ ಮುರಿದುಕೊಳ್ಳುತ್ತದೆ. ನಟ್ಟನಡುವೆ ಸ್ಕೇಲ್ ಇಟ್ಟು, ಶಾಯಿ ಮುಗಿದ ಪೆನ್ನಿನಿಂದ ಗಟ್ಟಿಯಾಗಿ ಗೀರಿ ಮಡಿಚು. ಮಡಿಕೆಯ ಒಂದು ಬದಿ ಗೋಡೆಗೆ ಅಂಟಬೇಕು, ಇನ್ನೊಂದು ಬದಿ ಮೇಲ್ಮುಖವಾಗಿ ಹೊರಚಾಚಿ ಗೋಲಿಯನ್ನು ಹಿಡಿದುಕೊಳ್ಳಬೇಕು. ಸ್ವಲ್ಪ ಹೊತ್ತಿಗೆ ಈ ಹೊರಬದಿ ಬಾಯಿ ಬಿಡುತ್ತದೆ, ಗೋಲಿ ನಡುದಾರಿಯಲ್ಲೇ ಉದುರುತ್ತದೆ. ಪಟ್ಟಿಯ ಎರಡೂ ತುದಿಗೆ ಗೋಡೆಯಿಂದ ಹೊರ ಅಂಚಿಗೆ ಒಂದೊಂದು ತುಂಡು ಟೇಪನ್ನು ಮೇಲಿಂದ ಎಳೆದು ಕಟ್ಟಿದರೆ ಸಾಕು, ಗೋಲಿ ಅದರಡಿಯಲ್ಲೇ ಹಾದುಹೋಗುತ್ತದೆ.

ಒಂದು ಪಟ್ಟಿ ಎಡಕ್ಕೆ ಇಳಿದರೆ ಅದರ ಕೆಳಗಿನದು ಬಲಕ್ಕೆ. ಇಳಿಜಾರು ಒಂದು ಪಟ್ಟಿಗೆ 2–3 ಸೆಂ.ಮೀ. ಇದ್ದರೆ ಸಾಕು. ಮಕ್ಕಳು ಇಲ್ಲೇ ಎಡವೋದು: ಎಲ್ಲರೂ ಕಡಿದಾಗಿ ಅಂಟಿಸುತ್ತಾರೆ, ಗೋಲಿ ತಿರುವಿನಲ್ಲಿ ಹಾರಿ ಮಂಚದಡಿ ಸೇರುತ್ತದೆ. ಆಗ ಬಾಯಿ ಹಾಕಬೇಡ. ಎರಡು ಸಲ ಮಂಚದಡಿ ತೂರಿ ಹುಡುಕಿದ ಮೇಲೆ ಪಟ್ಟಿಯನ್ನು ತಾವೇ ಓರೆ ಕಡಿಮೆ ಮಾಡುತ್ತಾರೆ, ಇಲ್ಲವೇ ತಿರುವಿನಲ್ಲಿ ರಟ್ಟಿನ ತಡೆ ನಿಲ್ಲಿಸುತ್ತಾರೆ. ಮೇಲಿನ ಪಟ್ಟಿಯ ತುದಿ ಕೆಳಗಿನದರ ಮೇಲೆ ಮೂರು ಬೆರಳಗಲ ಒಳಗೆ ಬಂದಿರಬೇಕು, ಗೋಲಿ ಬೀಳುವ ಎತ್ತರ 5 ಸೆಂ.ಮೀ. ಮೀರಬಾರದು, ಮೀರಿದರೆ ಪುಟಿಯುತ್ತದೆ.

ಎಂಟೂ ಪಟ್ಟಿ ಕೂತ ಮೇಲೆ ‘ಯಾರ ಗೋಲಿ ಬೇಗ ಇಳಿಯುತ್ತೆ’ ಅಂತ ಮಾತ್ರ ಕೇಳಬೇಡ, ಆಟ ಐದು ನಿಮಿಷಕ್ಕೆ ಮುಗಿದುಹೋಗುತ್ತದೆ. ‘ಎಷ್ಟು ನಿಧಾನ ಇಳಿಸ್ತೀರಿ’ ಅಂತ ಕೇಳು. ಮೊದಲಿಗೆ ಏಳೆಂಟು ಸೆಕೆಂಡು ಆದೀತು. ಅದನ್ನು 15 ಮಾಡಿ ಅನ್ನು. ಇಳಿಜಾರು ತಗ್ಗಿಸುತ್ತಾರೆ, ಗೋಲಿ ನಿಂತೇ ಬಿಡುತ್ತದೆ, ಮತ್ತೆ ಕೂದಲೆಳೆಯಷ್ಟು ಏರಿಸುತ್ತಾರೆ, ಒಳಗೆ ಬಟ್ಟೆ ಚೂರು ಹಾಸುತ್ತಾರೆ. ಸೆಕೆಂಡು ಎಣಿಸಿ ಗೋಡೆಗಂಟಿಸಿದ ಕಾಗದದಲ್ಲಿ ಬರೆಯುವುದು ಮಗಳ ಪಾಲು, ಗೋಲಿ ಬಿಡುವ ಹಕ್ಕು ಮಗನಿಗೆ. ಈ ಹಂಚಿಕೆ ಮೊದಲೇ ಆಗದಿದ್ದರೆ ಜಗಳ ಖಾತ್ರಿ. ಎರಡು ಎಚ್ಚರಿಕೆ: ಮೂರು ವರ್ಷದೊಳಗಿನ ಮಗು ಯಾರಾದರೂ ಮನೆಗೆ ಬಂದರೆ ಗೋಲಿ ಎತ್ತಿಡು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಟೇಪನ್ನು ಅವತ್ತೇ ಸಂಜೆ, ಗೋಡೆಗೆ ಒತ್ತಿಕೊಂಡಂತೆ ನಿಧಾನ ಬಿಡಿಸು. ವಾರ ಬಿಟ್ಟರೆ ಬಣ್ಣ ಕಿತ್ತುಬರುತ್ತದೆ. ಬಣ್ಣದ ಗೋಡೆಗಿಂತ ಕಪಾಟಿನ ಪಕ್ಕ ವಾಸಿ.

ನಿಧಿ ಹುಡುಕಾಟವೂ ಒಳ್ಳೆಯದೇ, ಆದರೆ ಹೆಚ್ಚಿನವರು ತಲೆಕೆಳಗಾಗಿ ಮಾಡುತ್ತಾರೆ. ನಿಧಿ ಎಲ್ಲಿ ಅಂತ ಮೊದಲು ಗೊತ್ತು ಮಾಡಿಕೊಂಡು ಹಿಂದುಹಿಂದಕ್ಕೆ ಚೀಟಿ ಬರೆ. ಆರು ಚೀಟಿ ಸಾಕು. ಪ್ರತಿ ಚೀಟಿಯ ಹಿಂದೆ ಸಂಖ್ಯೆ ಹಾಕು, ಯಾವುದು ಎಲ್ಲಿದೆ ಅಂತ ನಿನ್ನ ಜೇಬಲ್ಲೊಂದು ಪಟ್ಟಿ ಇರಲಿ. ಬಚ್ಚಿಟ್ಟವರೇ ಮರೆತು ತಡಕಾಡುವುದು ಹೊಸದಲ್ಲ. ಒಗಟಿಗೆ ಒಂದೇ ಉತ್ತರ ಇರಬೇಕು. ‘ನಾಲ್ಕು ಕಾಲಿದೆ, ನಡೆಯಲ್ಲ’ ಅಂತ ಬರೆದರೆ ಕುರ್ಚಿ, ಮೇಜು, ಮಂಚ ಎಲ್ಲವನ್ನೂ ಉರುಳಿಸಿ ಹಾಕುತ್ತಾರೆ. ‘ನೀನು ನಕ್ಕರೆ ನಗುತ್ತೇನೆ, ಅತ್ತರೆ ಅಳುತ್ತೇನೆ, ಸದ್ದು ಮಾತ್ರ ಬರಲ್ಲ’ ಅಂದರೆ ನೇರ ಕನ್ನಡಿಗೇ ಓಡುತ್ತಾರೆ. ಓದಲು ಬಾರದ ಚಿಕ್ಕವನಿಗೆ ಒಗಟಿನ ಬದಲು ಚಿತ್ರ. ಒಂದು ಚೀಟಿ ಅವಳದು, ಮುಂದಿನದು ಅವನದು. ಹೀಗಾದರೆ ಅಕ್ಕ ಒಬ್ಬಳೇ ಓಡಿ ಮುಗಿಸುವುದು ತಪ್ಪುತ್ತದೆ.

ನೀನು ಅರ್ಧ ಗಂಟೆ ಕೂತು ಬರೆದದ್ದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಅದು ನಿಜ. ಲಾಭ ಇರುವುದು ಆಮೇಲೆ: ‘ಈಗ ನನಗೊಂದು ನಿಧಿ ಬಚ್ಚಿಡಿ, ನಾನು ಹುಡುಕುತ್ತೇನೆ’ ಅನ್ನು. ಒಗಟು ಕಟ್ಟಿ, ಬರೆದು, ಅಡಗಿಸಿಡುವುದರಲ್ಲಿ ಒಂದೂವರೆ ಗಂಟೆ ನಿನ್ನ ಕಡೆ ತಿರುಗಿಯೂ ನೋಡಲ್ಲ.

ಉಪ್ಪಿನ ಕಣಕ ಗೊತ್ತಿರಬಹುದು. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಮುಕ್ಕಾಲು ಬಟ್ಟಲು ನೀರು. ನೀರನ್ನು ಒಟ್ಟಿಗೇ ಸುರಿಯಬೇಡ, ಚೂರುಚೂರೇ ಸೇರಿಸಿ ಐದಾರು ನಿಮಿಷ ನಾದು. ಮಾಡಿದ ಬೊಂಬೆ ಒಡೆಯಿತು ಅಂತ ಮಕ್ಕಳು ಅಳುವುದಕ್ಕೆ ಕಾರಣ ಹೆಚ್ಚಾಗಿ ದಪ್ಪ: 1 ಸೆಂ.ಮೀ. ಮೀರಿದರೆ ಮೇಲ್ಮೈ ಮೊದಲು ಒಣಗಿ ಬಿಗಿಯುತ್ತದೆ, ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ. ತೆಳ್ಳಗೆ ತಟ್ಟಿ ಆಕಾರ ಕತ್ತರಿಸಲಿ, ದಿನಕ್ಕೆ ಎರಡು ಸಲ ಮಗುಚಿ ಹಾಕಿದರೆ ಎರಡು ಮೂರು ದಿನಕ್ಕೆ ಒಣಗುತ್ತದೆ. ಬಣ್ಣ ಹಚ್ಚುವುದು ಬೊಂಬೆ ಪೂರ್ತಿ ಒಣಗಿದ ಮೇಲೆಯೇ. ಮನೆಯಲ್ಲಿ ನಾಯಿ ಇದ್ದರೆ ಎಟುಕದ ಜಾಗದಲ್ಲಿಡು; ಅಷ್ಟು ಉಪ್ಪು ಅದಕ್ಕೆ ವಿಷ.

ಸಂಜೆ ಹೊರಗೆ ಸೋಪಿನ ಗುಳ್ಳೆ. ಆರು ಲೋಟ ನೀರಿಗೆ ಒಂದು ಲೋಟ ಪಾತ್ರೆ ತೊಳೆಯುವ ದ್ರವ, ಒಂದು ದೊಡ್ಡ ಚಮಚ ಗ್ಲಿಸರಿನ್. ನೊರೆ ಬರದಂತೆ ನಿಧಾನ ಕಲಸಿ ಹಿಂದಿನ ರಾತ್ರಿಯೇ ಇಟ್ಟುಬಿಡು. ಗುಳ್ಳೆ ಒಡೆಯಲು ಒಂದು ಮುಖ್ಯ ಕಾರಣ ಪೊರೆಯ ನೀರು ಆರುವುದು, ಗ್ಲಿಸರಿನ್ ಅದನ್ನೇ ತಡೆಯುತ್ತದೆ. ಹಾಗಾಗಿ ಸುಡುಬಿಸಿಲು, ಗಾಳಿ ಎರಡೂ ಬೇಡ. ಮಳೆ ನಿಂತ ಹೊತ್ತು ಬಲು ಚೆನ್ನ. ದೊಡ್ಡ ಗುಳ್ಳೆಗೆ ಎರಡು ಕಡ್ಡಿಯ ನಡುವೆ ಹತ್ತಿಯ ದಾರದ ಕುಣಿಕೆ ಕಟ್ಟು. ನೈಲಾನ್ ದಾರ ದ್ರವ ಹೀರುವುದಿಲ್ಲ, ಪೊರೆ ಕೂಡಲೇ ಹರಿಯುತ್ತದೆ. ಟೈಲ್ಸ್ ಮೇಲೆ ಮಾತ್ರ ಆಡಿಸಬೇಡ, ಜಾರಿ ಬಿದ್ದರೆ ಉಳಿದ ರಜೆಯೆಲ್ಲ ಅದಕ್ಕೇ ಹೋಗುತ್ತದೆ.

ಟಿವಿ ಬೇಡವೇ ಬೇಡ ಅನ್ನುವಷ್ಟು ಕಟ್ಟುನಿಟ್ಟು ನನ್ನದಲ್ಲ. ಬೆಳಿಗ್ಗೆ ಹಾಕಬೇಡ, ಅಷ್ಟೇ. ಒಮ್ಮೆ ಅದರ ಮುಂದೆ ಕೂತವರಿಗೆ ಆಮೇಲೆ ರಟ್ಟು ಕತ್ತರಿ ರುಚಿಸುವುದಿಲ್ಲ. ಸಂಜೆ ಕೊಟ್ಟರೂ ‘ಅರ್ಧ ಗಂಟೆ’ ಅನ್ನದೆ ‘ಒಂದು ಕಂತು’ ಅನ್ನು. ಕತೆ ನಡುವೆ ಆರಿಸಿದರೆ ಯಾರಿಗೆ ತಾನೇ ಸಿಟ್ಟು ಬರಲ್ಲ?

‘ಬೋರಾಗ್ತಿದೆ’ ಅಂತ ಬಂದ ಕ್ಷಣವೇ ಹೊಸದೇನನ್ನೂ ಕೊಡಬೇಡ, ಇಪ್ಪತ್ತು ನಿಮಿಷ ತಾಳು. ರಟ್ಟು ಮತ್ತು ಟೇಪ್ ಇರುವ ಪೆಟ್ಟಿಗೆ ಅವರ ಕೈಗೆಟುಕುವಲ್ಲಿರಲಿ, ಕತ್ತರಿ ಮೊಂಡು ತುದಿಯದ್ದಾಗಿರಲಿ. ಗುಳ್ಳೆಯ ನೀರು ಉಳಿದರೆ ಮುಚ್ಚಳದ ಬಾಟಲಿಗೆ ತುಂಬಿ ಮೇಲೆ ಹೆಸರು ಬರೆದಿಡು. ನಾಡಿದ್ದಿಗೂ ಬರುತ್ತದೆ, ಯಾರೂ ಕುಡಿಯಲು ಹೋಗುವುದಿಲ್ಲ. ಗೋಲಿ 15 ಸೆಕೆಂಡು ಮುಟ್ಟಿತೋ ಇಲ್ಲವೋ ಬರೆ.

ನಿನ್ನ ಗೆಳೆಯ